ಸ್ವಿಫ್ಟ್ ಸ್ಪೋರ್ಟ್ ಟರ್ಬೊ ಭಾರ ಆಗಿಲ್ಲ, ಹಗುರ ಆಗಿದೆ

ಸುಜುಕಿಯ 2011ರ ಸ್ವಿಫ್ಟ್ ಸ್ಪೋರ್ಟ್ ಕಾರು 136 ಪಿಎಸ್ (ಹಾರ್ಸ್‌ಪವರ್ ಥರದ ಪವರ್ ಅಳತೆ), 2017ರದ್ದು 140, ಬರೀ 4 ಪಿಎಸ್‌ಗೋಸ್ಕರ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಸಾಧನ) ಹಾಕಿ ಗಾಡಿ ಭಾರ ಮಾಡಿಬಿಟ್ರು ಅಂತ ಒಂದು ಮೆಸೇಜ್ ಓಡಾಡ್ತಿದೆ. ಪವರ್ ಲೆಕ್ಕ ಸರಿ ಇದೆ, ಭಾರದ ಮಾತು ಮಾತ್ರ ಪೂರ್ತಿ ತಪ್ಪು. ಜಪಾನಿನ ಮ್ಯಾನುಯಲ್ ಗಾಡಿ ನೋಡಿ, ಹಳೇದು 1050 ಕೆಜಿ, ಹೊಸದು 970.

ಇನ್ನು ಆ 4 ಪಿಎಸ್ ಹಿಡ್ಕೊಂಡು ಹೋಲಿಸಿದ್ರೆ ಅಸಲಿ ವಿಷಯನೇ ತಪ್ಪಿಹೋಗುತ್ತೆ, ಯಾಕಂದ್ರೆ ಹಳೇ 1.6 ಲೀಟರ್ ಇಂಜಿನ್ನು 160 ಎನ್‌ಎಂ ಟಾರ್ಕ್ (ಎಳೆಯೋ ಬಲ) ಕೊಡೋದು 4400 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ಸುತ್ತೋ ಲೆಕ್ಕ), ಹೊಸ 1.4 ಟರ್ಬೊ 2500ಕ್ಕೇ 230 ಎನ್‌ಎಂ ಕೊಟ್ಬಿಡುತ್ತೆ. ತಿರುವಲ್ಲಿ ಮೂರನೇ ಗೇರಲ್ಲೇ ಇದ್ದು ಆಕ್ಸಿಲರೇಟರ್ ಒತ್ತಿ, ಹಳೇದ್ರಲ್ಲಿ ಎರಡಕ್ಕೆ ಇಳಿಸ್ಬೇಕು ಅನ್ಸುತ್ತೆ, ಹೊಸದು ಹಾಗೇ ಎಳ್ಕೊಂಡು ಹೋಗುತ್ತೆ.

ಹಾಗಂತ ಹಳೇದನ್ನ ಕಡೆಗಣಿಸ್ಬೇಡಿ. ಆರ್‌ಪಿಎಂ ಮುಳ್ಳು 6900ರ ತನಕ ಏರ್ತಾ ಪವರ್ ಹೆಚ್ತಾನೇ ಹೋಗೋ ಖುಷಿ ಟರ್ಬೊದಲ್ಲಿಲ್ಲ, ಅದು 5500ಕ್ಕೇ ತುದಿ ಮುಟ್ಟುತ್ತೆ.

ಇನ್ನೊಂದು, ಯುರೋಪಲ್ಲಿ 2020ಕ್ಕೆ ಬಂದ 48 ವೋಲ್ಟ್ ಹೈಬ್ರಿಡ್ ಸ್ವಿಫ್ಟ್ ಸ್ಪೋರ್ಟ್ (ಪೆಟ್ರೋಲ್ ಇಂಜಿನ್ ಜೊತೆ ಸಣ್ಣ ಎಲೆಕ್ಟ್ರಿಕ್ ಮೋಟಾರ್ ನೆರವು ಇರೋದು) 129 ಪಿಎಸ್‌ದು, ತೂಕನೂ ಒಂದು ಟನ್ ದಾಟಿದೆ. ಅದರ ಅಂಕಿನ 2017ರ ಗಾಡಿಗೆ ಅಂಟಿಸ್ಬೇಡಿ.