ಅಮರಿಂದರ್ ಸಿಂಗ್ ಹೆಸರಿನ 'ಕ್ಯಾಪ್ಟನ್' ಬರೀ ಅಲಂಕಾರವಲ್ಲ

ಪಂಜಾಬಿನ ಮಾಜಿ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಪಟಿಯಾಲ ರಾಜಮನೆತನದವರು ಅಂತ ಸುಮ್ನೆ 'ಕ್ಯಾಪ್ಟನ್' ಸೇರಿಸಿಕೊಂಡಿದ್ದಾರೆ, ಸೈನ್ಯಕ್ಕೆ ಹೋದವರೇ ಅಲ್ಲ ಅನ್ನೋ ಮಾತು ಹರಿದಾಡ್ತಿದೆ. ಇದು ತಪ್ಪು. ಅಮರಿಂದರ್ 1963ರಲ್ಲಿ ಸಿಖ್ ರೆಜಿಮೆಂಟ್ ಸೇರಿದರು. 1965ರ ಆರಂಭದಲ್ಲಿ ಸೇನೆ ಬಿಟ್ಟಿದ್ದರು. ಆದರೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ತಾವಾಗಿಯೇ ವಾಪಸ್ ಹೋಗಿ, ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಹರ್‌ಬಕ್ಷ್ ಸಿಂಗ್ ಅವರ ಎಡಿಸಿ (ಆಪ್ತ ಸಹಾಯಕ ಅಧಿಕಾರಿ) ಆಗಿ ಕೆಲಸ ಮಾಡಿದರು. ಮನೆಯಲ್ಲಿ ಆರಾಮಾಗಿ ಇರಬಹುದಿತ್ತು, ಅಲ್ವಾ? ಅದಕ್ಕೇ ಈ ಮಾತು ಕೇಳಿದರೆ ನನಗೆ ಬೇಸರ. ಅವರ ರಾಜಕೀಯವನ್ನು ಎಷ್ಟು ಬೇಕಾದರೂ ಟೀಕಿಸಿ.

ಇನ್ನೊಂದು, ಅವರು ಮೊದಲು ಗೆದ್ದದ್ದು ವಿಧಾನಸಭೆಗಲ್ಲ, 1980ರಲ್ಲಿ ಲೋಕಸಭೆಗೆ. 1984ರಲ್ಲಿ ಸ್ವರ್ಣಮಂದಿರದ ಸೇನಾ ಕಾರ್ಯಾಚರಣೆ ವಿರೋಧಿಸಿ ಆ ಸ್ಥಾನವನ್ನೂ ಕಾಂಗ್ರೆಸ್ಸನ್ನೂ ಬಿಟ್ಟರು. ಆಮೇಲೆ ಅಕಾಲಿ ದಳ ಸೇರಿ, 1985ರಲ್ಲಿ ತಲವಂಡಿ ಸಾಬೋದಿಂದ ಶಾಸಕರಾದರು.