ಟೊಮೆಟೊ ಗಿಡಕ್ಕೆ ಟೂತ್‌ಬ್ರಷ್

"ಮಣ್ಣಿಲ್ಲ, ಕೊಳೆಯಿಲ್ಲ, ಕಳೆಯಿಲ್ಲ" ಎಂದು ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವ ಕಿಟ್ಟಿನ ಡಬ್ಬದ ಮೇಲೆ ಬರೆದಿತ್ತು. ಅಷ್ಟೂ ನಿಜವೇ. ಆದರೆ ಮಣ್ಣು ಇಷ್ಟು ಕಾಲ ತುಟಿಪಿಟಿಕ್ಕೆನ್ನದೆ ಮಾಡುತ್ತಿದ್ದ ಕೆಲಸವನ್ನೆಲ್ಲ ಇನ್ನು ಮನೆಯವರೇ ಮಾಡಬೇಕು ಅಂತ ಅದರ ಕೆಳಗೆ ಬರೆದಿರಲಿಲ್ಲ.

ನಮ್ಮದೇನು ದೊಡ್ಡ ತೋಟವಲ್ಲ. ಒಂದು ಪ್ಲಾಸ್ಟಿಕ್ ತೊಟ್ಟಿ, ಮುಚ್ಚಳದಲ್ಲಿ ತೂತುಗಳು, ತೂತಿಗೊಂದು ಜಾಲರಿ ಕುಂಡ, ಅದರೊಳಗೆ ಜೇಡಿಮಣ್ಣಿನ ಗೋಲಿಗಳು. ಮಣ್ಣಿಲ್ಲ ಅಂದಿದ್ರಲ್ಲ? ಇದು ಸುಟ್ಟ ಮಣ್ಣು, ಲೆಕ್ಕಕ್ಕಿಲ್ಲವಂತೆ. ತೊಟ್ಟಿ ಪಾರದರ್ಶಕವೇ ಇರಲಿ, ಬೇರು ಬೆಳೆಯುವುದನ್ನು ನೋಡಬಹುದು ಅಂತ ನಮ್ಮ ಯಜಮಾನರ ಆಸೆ. ಬೇರಿಗಿಂತ ಮೊದಲು ಪಾಚಿ ಬೆಳೆಯಿತು. ಗೊಬ್ಬರದ ನೀರಿಗೆ ಬೆಳಕು ಬಿದ್ದರೆ ಪಾಚಿಗೆ ಅದಕ್ಕಿಂತ ಹಬ್ಬವಿಲ್ಲ. ನೋಡಲೆಂದೇ ತಂದ ತೊಟ್ಟಿಗೆ ಏನೂ ಕಾಣದ ಹಾಗೆ ಫಾಯಿಲ್ ಸುತ್ತಿದೆವು.

ಬಂದವರಿಗೆಲ್ಲ ಇವರು ಒಂದು ಕಥೆ ಹೇಳುತ್ತಾರೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕಿ ಎಂಬ ವಿಜ್ಞಾನಿ ಮಣ್ಣಿಲ್ಲದೆ, ಬರೀ ಪೋಷಕಾಂಶದ ನೀರಿನಲ್ಲಿ ಸುಮಾರು 25 ಅಡಿಯ ಟೊಮೆಟೊ ಬಳ್ಳಿ ಬೆಳೆಸಿದ್ದರಂತೆ. ಕಥೆ ಕೇಳಿದವರು ಮೆಲ್ಲಗೆ ನಮ್ಮ ತೊಟ್ಟಿಯ ಲೆಟ್ಯೂಸ್ ಸೊಪ್ಪಿನ ಕಡೆ ನೋಡುತ್ತಾರೆ. ಅದು ಬೆರಳುದ್ದ ಇದೆ.

ನೀರಲ್ಲೇ ಮುಳುಗಿರುವ ಬೇರಿಗೂ ಉಸಿರಾಡಲು ಗಾಳಿ ಬೇಕು. ಇಲ್ಲದಿದ್ದರೆ ಕೊಳೆಯುತ್ತದೆ. ಅದಕ್ಕೇ ಒಂದು ಏರ್ ಪಂಪ್ ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಹಗಲು ಕೇಳಿಸುವುದಿಲ್ಲ, ಮಲಗಿದ ಮೇಲೆ ತಲೆದಿಂಬಿನೊಳಗೇ ಕೂತಿದೆ ಅನಿಸುತ್ತದೆ. ಸದ್ದು ತಗ್ಗಲಿ ಅಂತ ಇವರು ಪಂಪನ್ನು ಶೆಲ್ಫಿನಿಂದ ಇಳಿಸಿ, ನೆಲದ ಮೇಲೆ ಟವೆಲ್ ಮಡಚಿ ಹಾಸಿ, ಅದರ ಮೇಲೆ ಮಲಗಿಸಿದರು. ಆ ರಾತ್ರಿ ಎಂಥಾ ನಿದ್ದೆ ಅಂತೀರಿ! ಬೆಳಗ್ಗೆ ಎದ್ದವರೇ "ನೋಡಿದ್ಯಾ, ಟವೆಲ್ ಹಾಕಿದ್ದೇ ಹಾಕಿದ್ದು, ಸದ್ದೇ ಇಲ್ಲ" ಎಂದರು. ಹಾಲಿಗೆ ಕಾಲಿಟ್ಟೆ. ಕಾಲಡಿ ಪಚಕ್ ಅಂದಿತು.

ನಡುರಾತ್ರಿ ಕರೆಂಟ್ ಹೋಗಿತ್ತು. ಪಂಪ್ ತೊಟ್ಟಿಗಿಂತ ಕೆಳಗಿದ್ದರೆ, ಗಾಳಿ ನಿಂತ ಕೂಡಲೇ ನೀರು ಆ ಗಾಳಿಯ ಕೊಳವೆಯನ್ನೇ ಹಿಡಿದು ವಾಪಸ್ ಇಳಿಯಬಹುದಂತೆ. ನಮ್ಮದು ಇಳಿದಿತ್ತು. ಪಾಪ, ಟವೆಲ್ ತನ್ನ ಕೈಲಾದಷ್ಟು ಹೀರಿತ್ತು. ಉಳಿದದ್ದು ಸೋಫಾದಡಿ ಹೋಗಿತ್ತು. ಬರೀ ನೀರಾಗಿದ್ದರೆ ಒರೆಸಿ ಸುಮ್ಮನಾಗಬಹುದಿತ್ತು. ಇದು ಗೊಬ್ಬರದ ಉಪ್ಪು ಕರಗಿದ ನೀರು, ಒಣಗಿದ ಮೇಲೆ ನೆಲದ ತುಂಬ ಬಿಳಿ ಗೆರೆ. ನೀರು ಹಿಂದಕ್ಕೆ ಬಾರದಂತೆ ತಡೆಯಲು ಚೆಕ್ ವಾಲ್ವ್ ಅಂತ ಒಂದು ಪುಟ್ಟ ವಸ್ತು ಇರುತ್ತದೆ. ಅದು ಕಿಟ್ಟಿನ ಡಬ್ಬದಲ್ಲೇ, ಬಿಚ್ಚದ ಪೊಟ್ಟಣದಲ್ಲಿತ್ತು. "ಎಕ್ಸ್‌ಟ್ರಾ ಪಾರ್ಟ್ ಅಂದ್ಕೊಂಡಿದ್ದೆ" ಎಂದರು ಯಜಮಾನರು.

ಇನ್ನು ಪಿಎಚ್ ಪುರಾಣ. ನೀರಿನ ಪಿಎಚ್, ಅಂದರೆ ಅದು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ, 5.5ರಿಂದ 6.5ರೊಳಗೆ ಇರಬೇಕು. ತಪ್ಪಿದರೆ ಗೊಬ್ಬರ ಎದುರಿಗಿದ್ದರೂ ಗಿಡಕ್ಕೆ ಸರಿಯಾಗಿ ಎಳೆದುಕೊಳ್ಳಲು ಆಗುವುದಿಲ್ಲ. ಚಿಕ್ಕ ಕೊಳವೆಗೆ ತೊಟ್ಟಿಯ ನೀರು ಹಾಕಿ, ಬಣ್ಣದ ದ್ರವ ತೊಟ್ಟಿಕ್ಕಿಸಿ, ಅಲ್ಲಾಡಿಸಿ, ಚೀಟಿಯ ಬಣ್ಣಗಳ ಜೊತೆ ಹೋಲಿಸಬೇಕು. ಹಳದಿಯೋ, ತಿಳಿ ಹಸಿರೋ? ಇವರು ಹೋಲಿಸುತ್ತಿದ್ದದ್ದು ಗಿಡಗಳಿಗೆ ಬಿಸಿಲಿನ ಬದಲು ಹಾಕುವ ಗ್ರೋ ಲೈಟ್ ಕೆಳಗೆ ನಿಂತು. ಆ ದೀಪ ಕೆಂಪು, ನೀಲಿ ಬೆರೆತ ನೇರಳೆ. ಅದರ ಕೆಳಗೆ ಹಳದಿ ಹಳದಿಯಲ್ಲ, ಹಸಿರು ಹಸಿರಲ್ಲ, ಇವರ ಮುಖವೂ ಇವರದಲ್ಲ. "ಇದು ಕಂದು, ಚೀಟಿಯಲ್ಲಿ ಕಂದೇ ಇಲ್ಲ" ಎಂದು ಗಾಬರಿಯಾದರು. ಕೊನೆಗೆ ಬಾತ್‌ರೂಮಿನ ಬಿಳಿ ದೀಪದಡಿ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಅಂದಿನಿಂದ ನಮ್ಮ ಪ್ರಯೋಗಶಾಲೆ ಬಾತ್‌ರೂಮು. ಒಳಗೆ ಪರೀಕ್ಷೆ ನಡೆಯುತ್ತಿದ್ದರೆ ಉಳಿದವರು ಹೊರಗೆ ಕಾಯಬೇಕು.

ಆ ನೇರಳೆ ದೀಪ ದಿನಕ್ಕೆ 14 ಗಂಟೆ ಉರಿಯುತ್ತದೆ. ಎದುರು ಮನೆಯವರು ಒಮ್ಮೆ ತುಂಬಾ ನಯವಾಗಿ ಕೇಳಿದರು: "ನಿಮ್ಮನೇಲಿ ದಿನಾ ಪಾರ್ಟೀನಾ?" ಲೆಟ್ಯೂಸ್ ಅಂದೆ. ಅವರು ನಂಬಲಿಲ್ಲ.

ಇಷ್ಟರಲ್ಲಿ ಇವರು ಒಂದು ಟೊಮೆಟೊ ಸಸಿಯನ್ನೂ ಸೇರಿಸಿದರು, ಗೆರಿಕಿಯವರ ಪ್ರಭಾವ. ಅದು ದೀಪ ಮುಟ್ಟುವಷ್ಟು ಬೆಳೆದು ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ಪಟಪಟ ಉದುರಿತು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತವೆ. ಆದರೆ ಪರಾಗ ಉದುರಲು ಯಾರಾದರೂ ಅಲ್ಲಾಡಿಸಬೇಕು. ಹೊರಗೆ ಗಾಳಿ ಇದೆ, ಹೂ ಹಿಡಿದು ಝೇಂಕರಿಸುವ ದುಂಬಿ ಇದೆ. ನಮ್ಮ ಹಾಲಿನಲ್ಲಿ ಎರಡೂ ಇಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಯಜಮಾನರು ನೇರಳೆ ಬೆಳಕಿನಲ್ಲಿ ಬಗ್ಗಿ ನಿಂತು, ಹೂಗೊಂಚಲಿನ ದಂಟಿಗೆ ಎಲೆಕ್ಟ್ರಿಕ್ ಟೂತ್‌ಬ್ರಷ್ ಹಿಡಿದಿದ್ದಾರೆ. ಝುಂಯ್ ಅಂತಿದೆ. ಹೂವಿನಿಂದ ಸಣ್ಣ ಪುಡಿ ಉದುರುತ್ತಿದೆ. ಮುಖದಲ್ಲಿ ಅಪಾರ ತೃಪ್ತಿ. ಬ್ರಷ್‌ನ ಹಿಡಿ ಗುಲಾಬಿ ಬಣ್ಣದ್ದು.

"ರೀ, ಅದು ಯಾರ ಬ್ರಷ್ಷು?"

ತಿರುಗಿ ನೋಡದೆ ಹೇಳಿದರು, "ಸದ್ಯಕ್ಕೆ ದುಂಬಿಯದ್ದು."