ಭಾಷಾವಿಜ್ಞಾನಕ್ಕೆ ಐವತ್ತು, ವಿಜ್ಞಾನಕ್ಕೆ ರಜೆ

ವಿಶ್ವವಿದ್ಯಾಲಯವೊಂದರ ಭಾಷಾವಿಜ್ಞಾನ ವಿಭಾಗಕ್ಕೆ ಸುವರ್ಣ ಮಹೋತ್ಸವದ ಸಂಭ್ರಮ. ಸಾರ್ವಜನಿಕರಿಗೆಲ್ಲ ಆದರದ ಸ್ವಾಗತ. ಆಮಂತ್ರಣ ಪತ್ರಿಕೆಯಲ್ಲಿ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಎಂದು ಹೆಸರುಗಳು ಇಳಿಯುತ್ತ ಇಳಿಯುತ್ತ ಮುದ್ರಣಾಲಯದ ವಿಳಾಸಕ್ಕಿಂತ ಸ್ವಲ್ಪ ಮೇಲೆ ಭಾಷಾವಿಜ್ಞಾನಿಯೊಬ್ಬರೂ ಸಿಗುತ್ತಿದ್ದರು. ಅವರದು ವಂದನಾರ್ಪಣೆ.

ಧ್ವನಿವಿಜ್ಞಾನ ಕಲಿಸುವವರ ಮೈಕು ಮೊದಲು ಕಿರುಚಿತು, ಆಮೇಲೆ ಕೈಕೊಟ್ಟಿತು. ಹುಡುಗನೊಬ್ಬ ಕಾಲು ಗಂಟೆ 'ಹಲೋ, ಹಲೋ' ಎಂದದ್ದನ್ನು ವಿಡಿಯೊದವರು ಪೂರ್ತಿ ಹಿಡಿದಿಟ್ಟುಕೊಂಡರು. ವಿಭಾಗದಲ್ಲಿ ಆ ವರ್ಷ ನಡೆದ ಧ್ವನಿಮುದ್ರಣ ಅದೊಂದೇ ಇರಬೇಕು. ಹೊರಗಿನ ಸದ್ದು ನುಗ್ಗದಂತೆ ಕಟ್ಟಿಸಿದ್ದ ಕೋಣೆಯಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿಗಳೂ ಸ್ಮರಣಿಕೆಗಳ ಪೆಟ್ಟಿಗೆಗಳೂ ಇವೆ. ಭಾಷಣಗಳು ಶುರುವಾದ ಮೇಲೆ ಅದರ ಬೀಗದಕೈ ಯಾರಲ್ಲಿದೆ ಎಂದು ನಾನೂ ವಿಚಾರಿಸಿದೆ.

ಉದ್ಘಾಟಕರು ಸಂಸ್ಕೃತವೇ ಎಲ್ಲ ಭಾಷೆಗಳ ತಾಯಿ, ಕನ್ನಡ ಅದರ ಮುದ್ದಿನ ಮಗಳು ಎಂದು ಘೋಷಿಸಿದರು. ದಕ್ಷಿಣದ ನುಡಿಗಳದು ಬೇರೆಯೇ ಕುಲ ಎಂದು ಎಲ್ಲಿಸ್ ಎಂಬ ಮದರಾಸಿನ ಅಧಿಕಾರಿ 1816ರಲ್ಲೇ ತೋರಿಸಿದ್ದ. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದಕ್ಕೆ ತೌಲನಿಕ ವ್ಯಾಕರಣವನ್ನೇ ಬರೆದ. ಪರೀಕ್ಷೆಯಲ್ಲಿ ಇದನ್ನು ತಪ್ಪಾಗಿ ಬರೆದ ವಿದ್ಯಾರ್ಥಿಗೆ ಸೊನ್ನೆ ಸುತ್ತುವ ಪ್ರಾಧ್ಯಾಪಕರು ವೇದಿಕೆಯ ಮೇಲೆ ಕುಳಿತು ಮನಸಾರೆ ಚಪ್ಪಾಳೆ ತಟ್ಟಿದರು. ಅನುದಾನದ ಕಡತ ಉದ್ಘಾಟಕರ ಮೇಜಿನ ಮೇಲಿತ್ತಂತೆ. ಸಹಿ ಬೀಳುವುದಾದರೆ ಕನ್ನಡ ಯಾರ ಮಗಳಾದರೇನು?

ನಂತರ ಮಾತಾಡಿದವರ ಆಕರಗ್ರಂಥ ವಾಟ್ಸ್‌ಆ್ಯಪ್. ಕನ್ನಡ ಶೇ. 99.99ರಷ್ಟು ವೈಜ್ಞಾನಿಕ ಭಾಷೆ, ಯುನೆಸ್ಕೊ ಒಪ್ಪಿದೆ ಎಂದರು. ಉಳಿದ 0.01 ಎಲ್ಲಿ ಸೋರಿತೆಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಯುನೆಸ್ಕೊ ನಿಜಕ್ಕೂ ಹೊರತಂದದ್ದು ಅಪಾಯದಲ್ಲಿರುವ ಭಾಷೆಗಳ ನಕಾಶೆ. ತುಳು, ಕೊಡವ, ಕರಾವಳಿಯ ಕೊರಗ ಬುಡಕಟ್ಟಿನ ಕೊರಗ ನುಡಿ ಮೂರೂ ಅದರಲ್ಲಿವೆ.

ಕೊರಗ ನುಡಿಯನ್ನು ಸಂಘಟಕರು ಮರೆತಿದ್ದರೆಂದು ಯಾರೂ ದೂರುವಂತಿಲ್ಲ. ಆ ನುಡಿ ಆಡುವವರನ್ನೇ ಕರೆಸಿದ್ದರು, ಡೋಲು ಬಾರಿಸಲಿಕ್ಕೆ. ಗಣ್ಯರನ್ನು ಹೆಬ್ಬಾಗಿಲಿನಿಂದ ವೇದಿಕೆಯವರೆಗೆ ಬಾರಿಸಿಕೊಂಡು ಕರೆತಂದ ತಂಡವನ್ನು ಬಿಸಿಲಲ್ಲೇ ನಿಲ್ಲಿಸಲಾಯಿತು. ಕೊರಗರನ್ನು ಕೀಳಾಗಿ ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು ರಾಜ್ಯ 2000ದ ಕಾಯ್ದೆಯಿಂದ ನಿಷೇಧಿಸಿದೆಯಲ್ಲ ಎಂದರೆ, "ಇದು ಅಜಲು ಅಲ್ಲ ಸ್ವಾಮಿ, ಜಾನಪದ. ಗೌರವಧನದ ವೋಚರ್ ಇದೆ" ಎಂದು ಸಂಚಾಲಕರು ಕಾಗದ ತೋರಿಸಿದರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ಜನರ ನಡುವೆ ಕುಳಿತು, ಅವರ ಮಾತು ಕೇಳಿ, 1971ರಲ್ಲಿ ಆ ನುಡಿಯ ವಿವರಣೆಯನ್ನು ಪ್ರಕಟಿಸಿದ್ದರು. ಆ ಪುಸ್ತಕ ವಿಭಾಗದ ಗಾಜಿನ ಕಪಾಟಿನಲ್ಲಿತ್ತು, ಕಪಾಟಿಗೆ ಸೇವಂತಿಗೆ ಹಾರವೂ ಬಿದ್ದಿತ್ತು. ತಂಡದ ಹಿರಿಯರ ಬಾಯಿಂದ ಅವರ ನುಡಿಯ ಒಂದು ವಾಕ್ಯ ಕೇಳಲು ಮಾತ್ರ ಕಾರ್ಯಕ್ರಮ ಪಟ್ಟಿಯಲ್ಲಿ ಐದು ನಿಮಿಷ ಹೊಂದಲಿಲ್ಲ. ಮೂವತ್ತೆರಡು ಶಾಲು ಹೊದಿಸುವುದಿತ್ತು.

ವಂದನಾರ್ಪಣೆಯ ಹೊತ್ತಿಗೆ ಸಭೆ ಊಟದ ಸಾಲಿಗೆ ವರ್ಗವಾಗಿತ್ತು. ಭಾಷಾವಿಜ್ಞಾನಿ ಖಾಲಿ ಕುರ್ಚಿಗಳಿಗೆ ಕೃತಜ್ಞತೆ ಸಲ್ಲಿಸುತ್ತಿದ್ದಾಗ ಅತಿಥಿ ಉಪನ್ಯಾಸಕರು ಗಣ್ಯರ ಕಾರುಗಳನ್ನು ಹಿಂದಕ್ಕೆ ತೆಗೆಸುತ್ತಿದ್ದರು. ವಿಭಾಗದ ಕಾಯಂ ಹುದ್ದೆಗಳು ಖಾಲಿ ಬಿದ್ದು ಕಾಲವಾಯಿತು, ಅರ್ಹರು ಸಿಗುತ್ತಿಲ್ಲವಂತೆ. ಶತಮಾನೋತ್ಸವ ಸಮಿತಿಗೆ ಆ ಕೊರತೆ ಕಾಡಲಿಲ್ಲ. ಪಾಯಸ ಬಡಿಸುವ ಮೊದಲೇ ಅಧ್ಯಕ್ಷರು, ಆರು ಮಂದಿ ಉಪಾಧ್ಯಕ್ಷರು, ಖಜಾಂಚಿ ಎಲ್ಲರೂ ಭರ್ತಿಯಾದರು.